ಮುಯ್ಯಾಳು ಕರೆದವರೇ ಒಲೆ ಹಚ್ಚಬೇಕು

ಮಾನ್ಯ ಜನಸಂಖ್ಯಾ ಮುನ್ನಂದಾಜಿನ ಮುಖ್ಯಸ್ಥರೇ,

ಫೆಬ್ರವರಿಯ ಎರಡನೆಯ ವಾರ ನನಗೆ ಹೆರಿಗೆ. ನಮ್ಮ ಪಟ್ಟಣದ ಹೆರಿಗೆ ವಾರ್ಡಿಗೆ ಜನವರಿ ಕೊನೆಗೆ ಬೀಗ ಬೀಳುತ್ತದೆ. ಈ ಎರಡರ ನಡುವೆ ಸಿಕ್ಕಿಕೊಂಡವಳು ನಾನು, ಸಿಕ್ಕಿಸಿದವರು ನೀವು. ಆದ್ದರಿಂದ ಕುಶಲ ವಿಚಾರಿಸದೆ, ಊರೆಲ್ಲ ಓದಲೆಂದು ಪತ್ರಿಕೆಯ ಮೂಲಕವೇ, ನೇರವಾಗಿ ವಿಷಯಕ್ಕೆ ಬಂದಿದ್ದೇನೆ.

ಸೆಪ್ಟೆಂಬರಿನಲ್ಲಿ ತಾವು ಟೀವಿಯಲ್ಲಿ ದರ್ಶನ ಕೊಟ್ಟಿರಿ. ಬೆನ್ನ ಹಿಂದೊಂದು ನಕ್ಷೆ, ಅದರ ಗೆರೆ ಜಾರುಬಂಡೆಯ ಹಾಗೆ ಕೆಳಗಿಳಿಯುತ್ತಿತ್ತು. ಹುಟ್ಟುವವರಿಗಿಂತ ಸಾಯುವವರೇ ಹೆಚ್ಚು, 2070ರ ಹೊತ್ತಿಗೆ ಮುದುಕರನ್ನು ಸಾಕಲು ದುಡಿಯುವ ಕೈಗಳೇ ಸಾಲವು, ಫಿನ್ಲೆಂಡ್ ಮೆಲ್ಲಗೆ ಖಾಲಿಯಾಗುತ್ತಿದೆ ಎಂದಿರಿ. ಕೊನೆಗೆ ಕನ್ನಡಕ ತೆಗೆದು, ಮುಗುಳ್ನಕ್ಕು, "ಇದು ಇಡೀ ದೇಶದ ತಾಲ್ಕೋ, ಎಲ್ಲರೂ ಕೈಜೋಡಿಸಿ" ಎಂದು ಹೆಂಗಸರನ್ನು ಹೆರುವ ಮುಯ್ಯಾಳಿಗೆ ಕರೆದಿರಿ. ಆಗ ನಾನು ನಾಲ್ಕು ತಿಂಗಳ ಬಸುರಿ. ನನ್ನ ಗಂಡ ರಿಸ್ತೋ ಸೋಫಾದಲ್ಲಿ ಎದ್ದು ಕೂತು, "ನೋಡೇ, ದೇಶ ಕರೆಯೋಕ್ ಮುಂಚೇನೇ ನಾವು ಕೆಲ್ಸ ಶುರು ಮಾಡ್ಬಿಟ್ವಿ. ನಮಗೊಂದು ಪದಕ ಬರ್ಬೇಕು" ಎಂದ. ಇಬ್ಬರೂ ನಕ್ಕೆವು. ಆಗ ನಗುವುದಕ್ಕೆ ಅಡ್ಡಿ ಇರಲಿಲ್ಲ.

ಮುಯ್ಯಾಳು ಅಂದರೆ ಏನೆಂದು ರಾಜಧಾನಿಯಲ್ಲಿ ಮರೆತಿರಬಹುದು, ನಮ್ಮ ಕಾಡುಸೀಮೆಯಲ್ಲಿ ಮರೆತಿಲ್ಲ. ಮೂರು ವರ್ಷದ ಹಿಂದೆ ನಮ್ಮ ಕೊಟ್ಟಿಗೆಯ ಮಾಡು ಹಿಮದ ಭಾರಕ್ಕೆ ಕುಸಿದಾಗ ನಾವು ಕರೆದೆವು, ಊರಿಗೆ ಊರೇ ಸುತ್ತಿಗೆ ಹಿಡಿದು ಬಂತು. ಯಾರೂ ಕೂಲಿ ಕೇಳಲಿಲ್ಲ. ಆದರೆ ಕರೆದವರಿಗೂ ಒಂದು ಧರ್ಮವಿದೆ. ಎಲ್ಲರಿಗಿಂತ ಮೊದಲು ತಾವು ಮಾಡು ಹತ್ತಬೇಕು. ಬಟಾಣಿ ಸಾರು ಕುದಿಸಬೇಕು. ಸಂಜೆ ಸೌನಾದ ಒಲೆ ಹಚ್ಚಿ, ದಣಿದವರಿಗೆ ಉಗಿಸ್ನಾನ ಮಾಡಿಸಿ, ಕೊನೆಯವರು ಹೊರಡುವ ತನಕ ಅಂಗಳದಲ್ಲಿ ನಿಂತಿರಬೇಕು. ಜನರನ್ನು ಕರೆದು, ಅವರು ಮಾಡಿನ ಮೇಲಿರುವಾಗ ಏಣಿ ಎತ್ತಿಕೊಂಡು ಹೋಗುವವನನ್ನು ನಮ್ಮಲ್ಲಿ ಏನೆನ್ನುತ್ತಾರೆಂದು ಪತ್ರಿಕೆಯಲ್ಲಿ ಬರೆಯುವಂತಿಲ್ಲ.

ನೀವು ಮಾಡಿದ್ದು ಅದನ್ನೇ. ಮೊದಲ ಹಿಮ ಬೀಳುವಷ್ಟರಲ್ಲಿ ವಾರ್ಡು ಮುಚ್ಚುವ ತೀರ್ಮಾನ ಬಂತು. ಕಾರಣ, ತಮ್ಮದೇ ಮುನ್ನಂದಾಜು. 2040ಕ್ಕೆ ನಮ್ಮ ಭಾಗದಲ್ಲಿ ಹೆರಿಗೆಗಳು ಈಗಿನ ಅರ್ಧವೂ ಇರುವುದಿಲ್ಲವಂತೆ, ಹಾಗಾಗಿ ಈಗಲೇ ಬೀಗವಂತೆ. ಊರ ಸಭೆಯಲ್ಲಿ ಎದ್ದು ನಿಂತು, ವಾರ್ಡು ಹೋದ ಮೇಲೆ ಬಸುರಿಯರು ಇಲ್ಲಿ ಉಳಿಯುತ್ತಾರೆಯೇ ಎಂದು ಕೇಳಿದೆ. "ನಾವೇನ್ ಮಾಡೋಣ ಮೇಡಂ, ಅಂಕಿ ಅಂಶ ಹಾಗಿದೆ" ಎಂದರು ಆಸ್ಪತ್ರೆಯ ಆಡಳಿತಗಾರರು. ನಿಮ್ಮ ಕಚೇರಿಗೆ ಫೋನ್ ಮಾಡಿದೆ. "ಅದು ಭವಿಷ್ಯವಾಣಿ ಅಲ್ಲಮ್ಮ. ಈಗಿನ ಥರಾನೇ ನಡ್ಕೊಂಡು ಹೋದ್ರೆ ಹೀಗಾಗುತ್ತೆ ಅನ್ನೋ ಲೆಕ್ಕ ಅಷ್ಟೆ. ಅದನ್ನ ಯಾರು ಯಾತಕ್ಕೆ ಬಳಸ್ತಾರೋ ನಮಗೆ ಸಂಬಂಧ ಇಲ್ಲ" ಎಂದಿತು ಒಂದು ಎಳೆಯ ದನಿ. ಅವರು ನಿಮ್ಮ ಕಡೆ ಬೆರಳು ತೋರಿಸುತ್ತಾರೆ, ನೀವು ಕೈ ತೊಳೆದುಕೊಳ್ಳುತ್ತೀರಿ.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು, ಗೆರೆಯನ್ನು ಮುಂದಕ್ಕೆಳೆಯುವುದು ನನಗೂ ಗೊತ್ತು. ನನ್ನ ವಿದ್ಯಾರ್ಥಿಯೊಬ್ಬ ಬಕೆಟ್ಟಿನಲ್ಲಿ ನೀರು ಇಳಿಯುತ್ತಿದೆಯೆಂದು ನಕ್ಷೆ ಬರೆದು, ಆ ನಕ್ಷೆಯನ್ನೇ ತೋರಿಸಿ ಬಕೆಟ್ಟಿಗೆ ಇನ್ನೊಂದು ತೂತು ಕೊರೆಸಿ, ಮರುವರ್ಷ "ನನ್ನ ಲೆಕ್ಕ ಸರಿಯಾಯ್ತು" ಎಂದರೆ ಅವನಿಗೆ ಅಂಕ ಸಿಗುವುದಿಲ್ಲ. ನಿಮಗೆ ಬಡ್ತಿಯೇ ಸಿಗುತ್ತದೆ. ನಮ್ಮ ಪಕ್ಕದ ಮನೆಯ ಹೊಸ ದಂಪತಿ ಕ್ರಿಸ್‌ಮಸ್‌ಗೆ ಮೊದಲೇ ದಕ್ಷಿಣಕ್ಕೆ ಗಂಟುಮೂಟೆ ಕಟ್ಟಿದರು. "ಹೆರೋಕೇ ಜಾಗ ಇಲ್ದಿದ್ ಊರಲ್ಲಿ ಮನೆ ಮಾಡ್ಕೊಂಡು ಏನ್ ಮಾಡೋದು ಹೇಳು" ಎಂದಳು ಆ ಹುಡುಗಿ. ಮುಂದಿನ ಸಲ ನಿಮ್ಮ ಗೆರೆ ಇನ್ನಷ್ಟು ಇಳಿದಿರುತ್ತದೆ, ಟೀವಿಯಲ್ಲಿ ನಿಮ್ಮ ಮುಖ ಇನ್ನಷ್ಟು ಬಾಡಿರುತ್ತದೆ.

ನನ್ನ ಎರಡನೆಯ ಮಗಳು ಹೆಲ್ಮಿ ನೋವು ಶುರುವಾಗಿ ಮುಕ್ಕಾಲು ಗಂಟೆಗೆಲ್ಲ ಹುಟ್ಟಿದಳು. ಹೊಕ್ಕುಳ ಬಳ್ಳಿ ಕುತ್ತಿಗೆಗೆ ಸುತ್ತಿ ನೀಲಿಗಟ್ಟಿದ್ದಳು. ವಾರ್ಡು ಹತ್ತಿರವಿತ್ತು, ಹೆರಿಗೆ ನರ್ಸ್ ಪಿರ್ಕ್ಕೋ ಎಚ್ಚರದಲ್ಲಿದ್ದರು, ಹಾಗಾಗಿ ಹೆಲ್ಮಿ ಈಗ ನನ್ನ ಸ್ವೆಟರಿನ ತುದಿಗೆ ಜೋತುಬಿದ್ದು ರಂಪ ಮಾಡುತ್ತಿದ್ದಾಳೆ. ಇನ್ನು ಮುಂದೆ ಹತ್ತಿರದ ವಾರ್ಡೆಂದರೆ ನೂರೆಂಬತ್ತು ಕಿಲೋಮೀಟರ್. ಫೆಬ್ರವರಿಯ ಗಾಜಿನಂಥ ರಸ್ತೆ, ಅಡ್ಡ ನಿಂತ ಹಿಮಸಾರಂಗಗಳು, ಎರಡೂವರೆ ಗಂಟೆ. "ಮೂರನೇದು ಇನ್ನೂ ಬೇಗ ಬರುತ್ತೆ ಕಣಮ್ಮ. ಜನವರೀಲೇ ಹೆತ್ಕೊಂಡ್ಬಿಡು, ಆಮೇಲೆ ನನ್ ಹತ್ರ ಬೀಗದ ಕೈನೂ ಇರಲ್ಲ" ಎಂದು ಪಿರ್ಕ್ಕೋ ತಮಾಷೆ ಮಾಡಿದರು. ಅವರ ಕಣ್ಣು ನಗುತ್ತಿರಲಿಲ್ಲ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲ ಎನ್ನುತ್ತಾರೆ, ಹುಟ್ಟಿಸಿ ಎಂದ ಅಧಿಕಾರಿಯ ಬಗ್ಗೆ ಯಾರೂ ಹಾಗೆ ಹೇಳಿಲ್ಲ. ನನಗೆ ಭಯವಾಗಿದೆ. ಇದನ್ನು ಇದಕ್ಕಿಂತ ಚೆಂದದ ಮಾತಿನಲ್ಲಿ ಹೇಳಲು ನನಗೆ ಬಾರದು.

ನಾವಿರುವ ಮನೆ ನನ್ನ ಅತ್ತೆ ರೌನಿಯ ತವರು. ಕಳೆದ ಶನಿವಾರ ಅವರು ಸೌನಾದ ಹಲಗೆಗಳನ್ನು ಸೋಪು ಹಾಕಿ ತಿಕ್ಕುತ್ತಿದ್ದರು. ಹಬ್ಬ ಮುಗಿದಿತ್ತು, ನೆಂಟರು ಬರುವುದಿರಲಿಲ್ಲ.

"ಈಗ್ಯಾಕತ್ತೆ ಇದು?"

"ಸುಮ್ನೆ." ಸ್ವಲ್ಪ ಹೊತ್ತು ತಿಕ್ಕಿದರು. "ನಮ್ಮಮ್ಮ ನನ್ನ ಇಲ್ಲೇ ಹೆತ್ತಿದ್ದು. ಆಗೆಲ್ಲಾರೂ ಸೌನಾದಲ್ಲೇ ಹೆರ್ತಿದ್ರು, ಬೆಚ್ಚಗಿರುತ್ತೆ, ಬಿಸ್ನೀರ್ ಇರುತ್ತೆ. ನನ್ ತಮ್ಮನೂ ಇಲ್ಲೇ ಹುಟ್ಟಿದ್ದು."

ಅವರಿಗೆ ತಮ್ಮನಿದ್ದಾನೆಂದು ನಾನು ಕೇಳಿಯೇ ಇರಲಿಲ್ಲ.

"ಅವ್ನು ಉಳೀಲಿಲ್ಲ" ಎಂದು ಬಕೆಟ್ ಎತ್ತಿಕೊಂಡು ಹೊರಗೆ ಹೋದರು.

2040ರ ಲೆಕ್ಕ ಹಾಕಲು ಕೂತ ನೀವು ನನ್ನನ್ನು ಅತ್ತೆಯ ತಾಯಿಯ ಕಾಲಕ್ಕೆ ಕಳಿಸಿದ್ದೀರಿ.

ನನ್ನ ಬೇಡಿಕೆ ದೊಡ್ಡದಲ್ಲ. ಅದು ಭವಿಷ್ಯವಾಣಿ ಅಲ್ಲ ಎಂದು ನಿಮ್ಮ ಕಚೇರಿ ನನಗೆ ಫೋನಿನಲ್ಲಿ ಹೇಳಿದ್ದನ್ನು ನೀವು ಟೀವಿಯಲ್ಲಿ ಹೇಳಿ. ಆ ಲೆಕ್ಕದ ಮೇಲೆ ವಾರ್ಡು ಮುಚ್ಚಕೂಡದೆಂದು ಆಸ್ಪತ್ರೆಯ ಮಂಡಳಿಗೆ ಈ ವಾರವೇ ಸಹಿ ಹಾಕಿ ಬರೆಯಿರಿ. ಅದಾಗದಿದ್ದರೆ ಕರೆದವರ ಧರ್ಮವನ್ನಾದರೂ ಪಾಲಿಸಿ. ಫೆಬ್ರವರಿಯ ಎರಡನೆಯ ವಾರ ನಮ್ಮ ಮನೆಗೆ ಬನ್ನಿ. ಕಾರು ಓಡಿಸಲು ರಿಸ್ತೋ ಇದ್ದಾನೆ. ಹಿಂದಿನ ಸೀಟಿನಲ್ಲಿ ನನ್ನ ಕಾಲ ಬಳಿ ಕೂರಲು ಒಬ್ಬರು ಬೇಕು. ಮಗು ನೀಲಿಗಟ್ಟಿ ಹುಟ್ಟಿದರೆ ಏನು ಮಾಡಬೇಕೆಂದು ಕಲಿತುಕೊಂಡು ಬನ್ನಿ.

ಇಂತಿ,
ನೀವು ಕರೆಯುವ ಮೊದಲೇ ಬಂದು, ಈಗ ಇಳಿಯಲು ಏಣಿಯಿಲ್ಲದೆ ಮಾಡಿನ ಮೇಲೆ ನಿಂತಿರುವ ಮುಯ್ಯಾಳು,
ಮಾರಿಕಾ ಕೊರ್ಹೋಲಾ