ಕ್ಲಚ್ ಮೇಲಿನ ಕಾಲು

ತಮ್ಮಣ್ಣ,

ನಾನು ಮೊದಲ ಬಸ್ಸಿಗೇ ಹೊರಟೆ. ಆಸ್ಪತ್ರೆಗೆ ಕೊಡಬೇಕಾದ ಒಗೆದ ಬಟ್ಟೆಯನ್ನೆಲ್ಲ ವ್ಯಾನಿಗೆ ತುಂಬಿದ್ದೇನೆ. ಇವತ್ತು ನೀನೇ ಓಡಿಸಬೇಕು, ಮುಖ ಸಿಂಡರಿಸಬೇಡ.

ರೇಡಿಯೇಟರ್‌ಗೆ ನೀರು ಹಾಕು. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಕೊಲ್ಲಬೇಡ. ಇಳಿಜಾರಿನಲ್ಲೇ ನಿಲ್ಲಿಸಿದ್ದೇನೆ, ಎರಡನೇ ಗೇರಿನಲ್ಲಿ ಉರುಳಲು ಬಿಟ್ಟರೆ ಸ್ಟಾರ್ಟ್ ಆಗುತ್ತದೆ. ಹಿಂಬಾಗಿಲಿಗೆ ಹಗ್ಗ ಕಟ್ಟದಿದ್ದರೆ ಹಾಸಿಗೆ ಬಟ್ಟೆಯೆಲ್ಲ ರಸ್ತೆ ಪಾಲು.

ಇನ್ನೊಂದು ವಿಷಯ. ಅಪ್ಪ ತೀರಿಕೊಂಡ ಮೇಲೆ ಹಾಕಿಸಿದ್ದ ಕ್ಲಚ್ ಪ್ಲೇಟ್ ಆಗಲೇ ಸವೆದು, ನಿನ್ನೆ ಮತ್ತೆ ಬದಲಾಯಿಸಬೇಕಾಯಿತು. ಗ್ಯಾರೇಜಿನ ಮಾವ ಹಳೆಯದನ್ನು ಬಿಚ್ಚಿ ತೋರಿಸಿ, "ಯಾರೋ ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಿದೀರಲ್ಲಮ್ಮ, ಥೇಟ್ ನಿಮ್ಮಪ್ಪನ ಥರ" ಅಂದರು. ನಾನು ಹಾಗೆ ಓಡಿಸುವವಳಲ್ಲ. ಆ ಚಟಕ್ಕಾಗಿಯೇ ಅಪ್ಪನ ಜೊತೆ ಎಷ್ಟು ಜಗಳವಾಡಿದ್ದೇನೆ, ನಿನಗೇ ಗೊತ್ತು. ನೀನಂತೂ ಅಪ್ಪ ಹೋದಾಗಿನಿಂದ ಆ ಡ್ರೈವರ್ ಸೀಟಿನಲ್ಲಿ ಕೂತೇ ಇಲ್ಲ.

ಗ್ಯಾರೇಜಿನಿಂದ ಬರುವಾಗ ನನ್ನ ಕಾಲನ್ನು ಪೂರ್ತಿ ಪಕ್ಕಕ್ಕಿಟ್ಟು ನೋಡಿದೆ. ಪೆಡಲ್ ತುಸು ಒತ್ತಿಕೊಂಡೇ ಇತ್ತು.

ಹೆದರಬೇಡ, ಮೆಲ್ಲಗೆ ಓಡಿಸು. ವಾಪಸ್ ಬಂದ ಮೇಲೆ, ಇಳಿಯುವ ಮೊದಲು, "ಮನೆ ಬಂತು, ಇನ್ನು ಕಾಲು ತೆಗಿಯಪ್ಪ" ಅಂತ ಒಂದು ಮಾತು ಹೇಳು. ನಿನ್ನೆ ನಾನು ಹೇಳಿ ನೋಡಿದೆ. ಪೆಡಲ್ ಮೇಲೇಳಲಿಲ್ಲ.

ಅಪ್ಪ ಯಾವತ್ತೂ ಕೇಳುತ್ತಿದ್ದುದು ನಿನ್ನ ಮಾತನ್ನೇ.

ಅಕ್ಕ