ಬೇಕಂದ್ರ ಕೂಗು ನನ್ನ ಹೆಸರ

ಮಖ್ತಲ್,
14 ಜುಲೈ 2025

ಶ್ರೀಮನ್ ಮಾಲಿನ ಮಹಾರಾಜ, ಪುಡಿಲೋಕದ ಪುಢಾರಿ, ಹಾಲಿ ಹೈದರಾಬಾದ್ ವಾಸಿ, ನನ್ನ ತಮ್ಮ ಮಹೇಂದರನಿಗೆ ಅಕ್ಕ ಈಶ್ವರಿಯ ಆಶೀರ್ವಾದ.

ಕಾಗದ ತಡವಾಯಿತು, ಸಿಟ್ಟಾಗಬೇಡ. ಬರೆಯಲು ಕೂತಾಗೆಲ್ಲ ಬರೀ ಬೈಗುಳ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ಫೋನು ಮಾಡಿದರೆ ಯಾರೋ ಎತ್ತಿ, "ಭಾಯ್ ರೆಕಾರ್ಡಿಂಗ್‌ನಾಗ ಅದಾರ್ರೀ, ತಾವು ಯಾರು?" ಅಂದ. ಭಾಯ್‌ನ ಮೂಗು ಒರೆಸಿ ದೊಡ್ಡವನನ್ನಾಗಿ ಮಾಡಿದಾಕಿ ಅಂತ ಹೇಳಪ್ಪ ಅಂದೆ. ಹೇಳಿದನೋ ಇಲ್ಲವೋ.

ನಿನ್ನ ರ‍್ಯಾಪ್ ಕೇಳಿದೆ. ನನ್ನ ಹೊಲಿಗೆ ಅಂಗಡಿಯ ಮುಂದೆ ಆಟೋದವರು ದಿನವೂ ಹಾಕುತ್ತಾರೆ. ಮಷೀನು ತುಳಿಯುವ ನನ್ನ ಕಾಲೂ ಈಗ ಅದೇ ತಾಳಕ್ಕೆ ಓಡುತ್ತದೆ, ದರಿದ್ರದ್ದು.

"ಪುಡಿಗೆ ನಾನೇ ಪುಢಾರಿ, ಪೇಟೆಗೆ ನಾನೇ ವ್ಯಾಪಾರಿ
ಬೇಕಂದ್ರ ಕೂಗು ನನ್ನ ಹೆಸರ, ಮಾಲು ಮನಿಗೇ ಸವಾರಿ!"

ಪ್ರಾಸ ಚೆನ್ನಾಗಿದೆ, ಸುಳ್ಳು ಹೇಳಲಾರೆ. ಆದರೆ ಈ ವ್ಯಾಪಾರ ಯಾವಾಗ ಶುರು ಮಾಡಿದೆಯಪ್ಪ? ನನಗೆ ತಿಳಿದಂತೆ ನೀನು ಮಾರುವುದು ಮೊಬೈಲ್ ಕವರು, ಅದೂ ಇನ್ನೊಬ್ಬರ ಅಂಗಡಿಯಲ್ಲಿ. ನೀನು ಸಾಗಿಸಿದ ಕಳ್ಳಮಾಲೆಂದರೆ ಅವ್ವನ ಡಬ್ಬಿಯ ಬೆಲ್ಲ. ಬೀಡಿಯ ಹೊಗೆಗೇ ಕೆಮ್ಮುವವನು ಹಾಡಿನಲ್ಲಿ ಗಾಂಜಾದ ಲಾರಿ ಇಳಿಸುತ್ತೀ. ಭೇಷ್!

ಪುಡಿ ಅಂದರೇನೆಂದು ನಿನಗೆ ಗೊತ್ತಿಲ್ಲ. ನಮ್ಮ ಮನೆಗೆ ಗೊತ್ತು. ಗದ್ವಾಲ್ ರಸ್ತೆಯ ಹನುಮಂತುವಿನ ಸೇಂದಿ ಡಿಪೋ ಇದೆಯಲ್ಲ, ಅಲ್ಲಿನ ಸೇಂದಿಯಲ್ಲಿ ಈಚಲ ಮರದ್ದು ಹೆಸರು ಮಾತ್ರ. ಮಿಕ್ಕಿದ್ದು ಬೋರಿನ ನೀರು, ಅಮಲೇರಿಸಲು ನಿದ್ದೆ ಔಷಧದ ಪುಡಿ. ಅಪ್ಪ ಇಷ್ಟು ವರ್ಷ ಕುಡಿದದ್ದು ಅದನ್ನೇ. ಹೋದ ತಿಂಗಳು ಅಬ್ಕಾರಿಯವರು ಡಿಪೋಗೆ ಬೀಗ ಜಡಿದರು. ಪೀಡೆ ತೊಲಗಿತೆಂದು ನಾನೂ ಕುಣಿದೆ. ಪುಡಿ ಸಿಗದೆ ಎರಡು ದಿನಕ್ಕೇ ಅಪ್ಪನ ಕೈಕಾಲು ನಡುಗಿ, ಬಾಯಿ ಸೊಟ್ಟಾಯಿತು. ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಆರಿಸತೊಡಗಿದ. ನನ್ನನ್ನು ನೋಡಿ, "ಯಾರವ್ವಾ ನೀನು? ಯಾರ ಪೈಕಿ?" ಅಂದ. ಈಗ ನಾರಾಯಣಪೇಟೆ ದವಾಖಾನೆಯಲ್ಲಿದ್ದಾನೆ. ಬೀಳದಿರಲಿ ಎಂದು ಮಂಚಕ್ಕೆ ಕೈ ಕಟ್ಟಿದ್ದಾರೆ.

ಮೊನ್ನೆ ಹನುಮಂತು ಅಂಗಡಿಗೆ ಬಂದ. "ಅಕ್ಕಾ, ಐತವಾರ ಡಿಪೋ ತೆರಿಯಾಕತ್ತೀವಿ. ನಿಮ್ಮ ತಮ್ಮ ಹಾಡಾಕ ಬರ್ತಾನ. ಫ್ಲೆಕ್ಸ್ ನೋಡಿದಿರಿಲ್ಲ?"

ನೋಡಿದ್ದೆ. ಕಪ್ಪು ಕನ್ನಡಕದಲ್ಲಿ ನೀನು, ನಿನ್ನ ಪಕ್ಕ ನಿನಗಿಂತ ಎತ್ತರದ ಮಡಕೆ.

"ನಮ್ಮಪ್ಪ ದವಾಖಾನ್ಯಾಗ ಅದಾನ, ಗೊತ್ತೈತೇನು?" ಅಂದೆ.

"ಗೊತ್ತೈತ್ರೀ, ಪಾಪ. ಡಿಪೋ ಮುಚ್ಚಿದ್ದಕ್ಕ ಹಂಗಾಗೈತಿ. ತೆರೆದ್ರ ಆರಾಮ ಆಗ್ತಾನ."

ಕೈಯಲ್ಲಿ ಕತ್ತರಿ ಇತ್ತು, ತಮ್ಮಾ. ಬಟ್ಟೆಗೆ ಮಾತ್ರ ಬಳಸಿದೆ.

ಹಾಡಲು ಒಪ್ಪಿದ್ದು ನಿಜವೇನೋ? ನಿನ್ನ ಹಾಡಿನಲ್ಲಿ ಎಲ್ಲರೂ ಕಾರಿನಲ್ಲೇ ಕೂತಿರುತ್ತಾರೆ. ಒಬ್ಬನಾದರೂ ಮಂಚದಲ್ಲಿ ಉಚ್ಚೆ ಹೊಯ್ದುಕೊಂಡು ಮಲಗಿದ್ದಾನೇನು? ಅದಕ್ಕೆ ಪ್ರಾಸ ಸಿಗಲಿಲ್ಲವೇ? ಐತವಾರ ನೀನು ಆ ಫ್ಲೆಕ್ಸಿನ ಕೆಳಗೆ ಮೈಕು ಹಿಡಿದರೆ ನಾನೂ ಬರುತ್ತೇನೆ. ಅಪ್ಪನ ಒದ್ದೆ ಧೋತರಗಳನ್ನು ತಂದು ನಿನ್ನ ಸ್ಟೇಜಿನ ಮೇಲೇ ಒಗೆಯುತ್ತೇನೆ. ತಾಳ ನನ್ನದು, ಹಾಡು ನಿನ್ನದು. ನೋಡೋಣ, ಜನ ಯಾರನ್ನು ಕೇಳುತ್ತಾರೋ.

ವೇಳೆಗೆ ಸರಿಯಾಗಿ ಉಣ್ಣು. ದೇವರು ನಿನಗೆ ಒಳ್ಳೆಯ ಗಂಟಲು ಕೊಟ್ಟಿದ್ದಾನೆ. ಅದರ ಮೇಲಿನ ತಲೆಯೊಳಗೂ ಏನಾದರೂ ಇಡಲಿ.

ನಿನ್ನ ಅಕ್ಕ,
ಈಶ್ವರಿ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ನಿನ್ನ ದನಿ ಕೇಳಿದರೆ ಅಪ್ಪನಿಗೆ ನೆನಪು ಬಂದೀತೆಂದು ಅವ್ವ ಮೊಬೈಲಿನಲ್ಲಿ ನಿನ್ನ ಹಾಡು ಹಾಕಿ ಅವನ ಕಿವಿಗೆ ಹಿಡಿದಳು. ಬಂತು. "ನನ್ನ ಮಗ!" ಅಂದ. ನೀನು ಜಗಳಾಡಿ ಹೋದಾಗಿನಿಂದ ನಿನ್ನ ಹೆಸರೆತ್ತದವನು ಈಗ ಹಗಲೂ ರಾತ್ರಿ "ಮಹೇಂದರ್, ಮಹೇಂದರ್" ಅಂತ ಕೂಗುತ್ತಾನೆ. ನರ್ಸಮ್ಮ ಕಣ್ಣೊರೆಸಿಕೊಂಡು, "ಮಗನ ಮ್ಯಾಲ ಎಂಥಾ ಜೀವರೀ" ಅಂದಳು. ಅವ್ವನೂ ಹಾಗೇ ತಿಳಿದು ಸೆರಗು ಒದ್ದೆ ಮಾಡಿಕೊಂಡಿದ್ದಾಳೆ. ಅವರಿಲ್ಲದಾಗ ನಾನು ಬಗ್ಗಿ ಕೇಳಿದೆ, "ಯಾಕಪ್ಪಾ, ಅವನ್ನ ನೋಡಬೇಕೇನು?"

"ನೋಡಿ ಏನ್ ಮಾಡ್ಲಿ? ಅವನ ಹಂತ್ಯಾಕ ಪುಡಿ ಐತಂತ. ಹೆಸರ ಕೂಗಿದ್ರ ಮನಿಗೇ ತರ್ತಾನಂತ" ಅಂದ.