ಹಡೆದವಳ ರುಜು ನಡೆಯುವುದಿಲ್ಲವಂತೆ

ಶಹಾಬಾದ
ಗುರುವಾರ, ೧೬ ಜುಲೈ ೧೯೫೩

ವಿಮಲಾಳ ಅಪ್ಪನವರಿಗೆ ಶರಣಬಸಮ್ಮ ಮಾಡುವ ಶರಣು ಶರಣಾರ್ಥಿ.

ನೀವು ಕ್ಷೇಮವೆಂದು ನಂಬಿದ್ದೇನೆ. ನಾಂದೇಡದ ನೀರು ಹೊಟ್ಟೆಗೆ ಒಗ್ಗಿತೇ? ಖಾನಾವಳಿಯವನು ಈಗಲಾದರೂ ಜೋಳದ ರೊಟ್ಟಿ ಹಾಕುತ್ತಾನೋ, ಇಲ್ಲ ಅದೇ ಚಪಾತಿಯೋ? ಕಳಿಸಿದ ಶೇಂಗಾ ಹಿಂಡಿ ಮುಟ್ಟಿತೆಂದು ಒಂದು ಸಾಲು ಬರೆಯಲಿಲ್ಲ ನೀವು. ಕಚೇರಿಯಲ್ಲಿ ದಿನವಿಡೀ ಬರೆದು ಕೈ ನೋಯುತ್ತಿರಬೇಕು ಎಂದು ಅತ್ತೆಯವರು ನಿಮ್ಮ ಪರ ವಹಿಸಿದರು. ಅವರ ಮೊಣಕಾಲು ನೋವು ಇದ್ದ ಹಾಗೇ ಇದೆ. ವಿಮಲಾ ಈಗ ಆರಾಮ ಇದ್ದಾಳೆ. ‘ಈಗ’ ಎಂದು ಯಾಕೆ ಬರೆದೆ ಎಂಬುದು ಮುಂದೆ ಬರುತ್ತದೆ. ಗಾಬರಿಯಾಗಬೇಡಿ, ನನ್ನ ಪಕ್ಕದಲ್ಲೇ ಕುಳಿತು ಪೇರಲಹಣ್ಣು ತಿನ್ನುತ್ತಿದ್ದಾಳೆ.

ಹೋದ ವರ್ಷ ಅವಳಿಗೆ ಮೂರ್ಛೆ ಬರಲು ಸುರುವಾದಾಗ ಕಲಬುರಗಿಯ ಡಾಕ್ಟರು ಹೇಳಿದ್ದು ನಿಮಗೆ ನೆನಪಿದೆ: ದಿನಕ್ಕೆ ಮೂರು ಗುಳಿಗೆ, ಒಂದೂ ತಪ್ಪಬಾರದು. ಮಧ್ಯಾಹ್ನದ ಗುಳಿಗೆಯನ್ನು ಶಾಲೆಯಲ್ಲಿ ಬುತ್ತಿ ಉಂಡ ಮೇಲೆ ತಾನೇ ನುಂಗುತ್ತಿದ್ದಳು. ಎಂಟು ತಿಂಗಳಲ್ಲಿ ಮಗು ಒಮ್ಮೆಯೂ ಬೀಳಲಿಲ್ಲ. ಕಳೆದ ಶನಿವಾರ ಶಾಲೆಯಲ್ಲಿ ಹೊಸ ಕಾಯ್ದೆ ಓದಿದರು. ಇನ್ನು ಮೇಲೆ ಯಾವ ಮಗುವೂ ಔಷಧ ತರಕೂಡದು. ತರಲೇಬೇಕಾದರೆ ಡಾಕ್ಟರ ಚೀಟಿ ಮತ್ತು ತಂದೆಯ ರುಜು ಇರುವ ಕಾಗದ ಕೊಡಬೇಕು, ಗುಳಿಗೆಯನ್ನು ಹೆಡ್ ಮಾಸ್ತರರ ಕಪಾಟಿನಲ್ಲಿ ಇಡಬೇಕು. ಕಾರಣ ಸುಳ್ಳಲ್ಲ. ಮೂರನೆಯ ಇಯತ್ತೆಯ ಅಂಬರಾಯ ಎಂಬ ಹುಡುಗ ಯಾರದೋ ಜಂತಿನ ಗುಳಿಗೆಗಳನ್ನು ಪೆಪ್ಪರಮಿಂಟು ಎಂದು ಮುಕ್ಕಿ ಎರಡು ದಿನ ಆಸ್ಪತ್ರೆಯಲ್ಲಿದ್ದ. ಕಪಾಟಿಗೆ ಬೀಗ ಹಾಕಲಿ, ಎರಡು ಬೀಗ ಹಾಕಲಿ, ನನ್ನದೇನೂ ತಕರಾರಿಲ್ಲ.

ಸೋಮವಾರ ಬೆಳಿಗ್ಗೆ ಡಾಕ್ಟರ ಚೀಟಿ, ಗುಳಿಗೆಯ ಸೀಸೆ, ನಾನು ಬರೆದ ಕಾಗದ ಮೂರನ್ನೂ ಹಿಡಿದು ನಾನೇ ಹೋದೆ. ಹೆಡ್ ಮಾಸ್ತರ ಅಬ್ದುಲ್ ಕರೀಮ್ ಸಾಹೇಬರು ಕುರ್ಚಿ ಕೊಟ್ಟು ಮರ್ಯಾದೆಯಿಂದಲೇ ಕೂರಿಸಿದರು. ಕಾಗದ ಓದಿದರು, ಅಕ್ಷರ ಚೆನ್ನಾಗಿದೆ ಎಂದೂ ಹೊಗಳಿದರು. ಆಮೇಲೆ ಮಡಚಿ ನನ್ನ ಕೈಗೇ ಕೊಟ್ಟರು. ‘ವಾಲಿದ್ ಸಾಹೇಬರ ದಸ್ತಖತ್ ಬೇಕ್ರಿ ಅಮ್ಮಾ. ಕಾಯ್ದಾದಾಗ ಅಪ್ಪಂದs ಅಂತ ಬರದಾರ.’ ಅಪ್ಪ ನಾಂದೇಡದಲ್ಲಿದ್ದಾರೆ, ಕಾಗದ ಹೋಗಿ ಬರಲು ಎಂಟು ದಿನ ಬೇಕು ಎಂದೆ. ಎಂಟು ದಿನ ಬಿಟ್ಟು ತನ್ನಿ ಎಂದರು. ನಾನೇ ಮಧ್ಯಾಹ್ನ ಬಂದು ನುಂಗಿಸಿ ಹೋಗುತ್ತೇನೆ ಎಂದೆ. ಶಾಲೆ ನಡೆಯುವಾಗ ದೊಡ್ಡವರು ಒಳಗೆ ಬರುವಂತಿಲ್ಲ, ಮಕ್ಕಳು ಗೇಟು ದಾಟುವಂತಿಲ್ಲವಂತೆ. ನನ್ನ ಎದುರಿಗೇ ಸಾಯಬಣ್ಣ ತನ್ನ ಮಗನ ಕೆಮ್ಮಿನ ಔಷಧಕ್ಕೆ ಹೆಬ್ಬೆಟ್ಟು ಒತ್ತಿ ಹೋದ. ಅವನ ಹೆಬ್ಬೆಟ್ಟು ನಡೆಯಿತು, ನಾನು ಬರೆದ ಆರು ಸಾಲು ನಡೆಯಲಿಲ್ಲ. ಹೊತ್ತು ಹೆತ್ತವಳು ನಾನು, ಅವಳು ಬಿದ್ದಾಗ ಹಲ್ಲುಗಳ ನಡುವೆ ಬಟ್ಟೆ ಇಟ್ಟು ಕಾದವಳು ನಾನು. ಆ ಮಗುವಿಗೆ ಒಂದು ಗುಳಿಗೆ ಕೊಡಿ ಎಂದು ಬರೆಯುವ ಅಧಿಕಾರ ನನಗಿಲ್ಲವೇ? ಬಾಗಿಲಲ್ಲಿ ನಿಂತು ಹಾಗೆಂದು ಕೇಳಿಯೂ ಬಂದೆ.

ಮನೆಯಲ್ಲಿ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ವಾರವಿಡೀ ಪರೀಕ್ಷೆ, ಹುಡುಗಿ ಕೇಳಬೇಕಲ್ಲ! ಸೋಮವಾರ, ಮಂಗಳವಾರ ಮಧ್ಯಾಹ್ನದ ಗುಳಿಗೆ ತಪ್ಪಿತು. ಬಾಗಿಲಲ್ಲೇ ಪಾಟಿಚೀಲ, ಬುತ್ತಿಗಂಟು ಎಲ್ಲ ಬಿಚ್ಚಿಸಿ ನೋಡುತ್ತಾರೆ. ಬುಧವಾರ ಅತ್ತೆಯವರು ಒಂದು ಗುಳಿಗೆಯನ್ನು ಅವಳ ಕೊರಳಿನ ಇಷ್ಟಲಿಂಗ ಸುತ್ತಿದ ಲಿಂಗವಸ್ತ್ರದ ಹೊರಮಡಿಕೆಯಲ್ಲಿಟ್ಟು ಕಟ್ಟಿ ಕಳಿಸಿದರು. ಅದನ್ನು ಬಿಚ್ಚಿ ತೋರಿಸು ಎಂದು ಯಾವ ಮಾಸ್ತರನೂ ಅನ್ನುವುದಿಲ್ಲ. ಹಾಗೆಯೇ ಆಯಿತು, ಯಾರೂ ಕೇಳಲಿಲ್ಲ. ಆದರೆ ಮಧ್ಯಾಹ್ನ ಅವಳೂ ಬಿಚ್ಚಲಿಲ್ಲ! ಮೈ ತೊಳೆಯದೆ, ಮಣೆಯ ಮೇಲೆ ಕೂರದೆ ಆ ಗಂಟಿಗೆ ಕೈ ಹಾಕಬಾರದು ಎಂದು ಐದು ವರ್ಷದವಳಿದ್ದಾಗಿನಿಂದ ನಾವೇ ಕಲಿಸಿದ್ದೇವಲ್ಲ. ಬುತ್ತಿ ಉಂಡು, ಕೈಯನ್ನು ಎದೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದಳಂತೆ. ಗಣಿತದ ಪರೀಕ್ಷೆಗೆ ಎದ್ದವಳು ಫರಸಿಕಲ್ಲಿನ ನೆಲದ ಮೇಲೆ ಬಿದ್ದಳು. ಹಣೆ ಒಡೆದಿದೆ, ಮೂರು ಹೊಲಿಗೆ ಹಾಕಿದ್ದಾರೆ. ಎಚ್ಚರವಾದ ಮೇಲೆ ಯಾಕೆ ನುಂಗಲಿಲ್ಲವೇ ಎಂದು ಕೇಳಿದರೆ, ‘ಸ್ನಾನಾ ಮಾಡಿದ್ದಿಲ್ಲ, ಹ್ಯಾಂಗ ಬಿಚ್ಚಲಿ ಅವ್ವಾ?’ ಎಂದಳು. ಗುಳಿಗೆ ಎದೆಯ ಮೇಲೇ ಇತ್ತು. ಅತ್ತೆಯವರ ಮೇಲೆ ಸಿಟ್ಟಾಗಬೇಡಿ, ನಿನ್ನೆಯಿಂದ ಅವರು ಸರಿಯಾಗಿ ಉಂಡಿಲ್ಲ.

ಹೆಡ್ ಮಾಸ್ತರರೇ ಟಾಂಗಾದಲ್ಲಿ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದರು, ಸಂಜೆ ಮನೆಗೂ ತಂದು ಬಿಟ್ಟರು. ಶೇರವಾನಿಯ ತೋಳೆಲ್ಲ ರಕ್ತವಾಗಿತ್ತು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಾರೆ. ಹೊಸ್ತಿಲಲ್ಲಿ ನಿಂತು, ‘ನನ್ನ ಮ್ಯಾಲ ಇನ್ಸ್‌ಪೆಕ್ಟರ್ ಸಾಹೇಬ್ರು ಅದಾರ್ರಿ ಅಮ್ಮಾ. ಒಂದು ದಸ್ತಖತ್ ತರಸ್ರಿ, ದಿನಾ ನನ್ನ ಕೈಯಾರೆ ಗುಳಗಿ ಕೊಡ್ತೀನಿ’ ಎಂದರು. ಮಗುವಿನ ಹಣೆ ಒಡೆದ ಮೇಲೂ ಅದೇ ಮಾತು! ನೀರು ಕೊಟ್ಟು ಕಳಿಸಿದೆ, ಚಹಾ ಬೇಕೇ ಎಂದು ನಾನು ಕೇಳಲಿಲ್ಲ. ಇತ್ತ ನಮ್ಮ ಓಣಿಯವರದು ಬೇರೆಯೇ ರಾಗ. ‘ಇಂಥಾ ಹುಡುಗಿಗೆ ಸಾಲಿ ಯಾಕ ಬೇಕು, ಮನ್ಯಾಗ ಇಟ್ಕೋ’ ಎಂದು ಅಂಬುಬಾಯಿ ಬಂದು ಹೇಳಿ ಹೋದಳು. ವಿಮಲಾ ಅದನ್ನು ಕೇಳಿಸಿಕೊಂಡು, ಹೊಲಿಗೆ ಹಾಕಿದ ಹಣೆಯಲ್ಲೇ ಪುಸ್ತಕ ತೆಗೆದು ಜೋರಾಗಿ ಓದತೊಡಗಿದಳು. ತಪ್ಪಿದ ಗಣಿತದ ಪರೀಕ್ಷೆಯನ್ನು ಈ ತಿಂಗಳ ಕೊನೆಯವರೆಗೆ ಬರೆಯಬಹುದಂತೆ.

ಆದ್ದರಿಂದ ಎರಡು ಕಾಗದ ಇಟ್ಟಿದ್ದೇನೆ. ಒಂದು ಗುಳಿಗೆಯದು. ಇನ್ನೊಂದರಲ್ಲಿ, ನೀವು ಊರಲ್ಲಿ ಇಲ್ಲದಾಗ ನನ್ನ ರುಜುವನ್ನೇ ನಿಮ್ಮ ರುಜು ಎಂದು ತಿಳಿಯಬೇಕೆಂದು ಬರೆದಿದ್ದೇನೆ. ನನ್ನ ಮಗಳಿಗೆ ನಾನು ತಾಯಿ ಎಂದು ನಿಮ್ಮಿಂದ ಬರೆಸಿಕೊಳ್ಳಬೇಕಾಗಿ ಬಂತಲ್ಲ ಎಂದು ನಾಚಿಕೆಯೂ ಆಗುತ್ತದೆ, ಸಿಟ್ಟೂ ಬರುತ್ತದೆ. ಆದರೂ ಬರೆಸಿಕೊಳ್ಳುತ್ತಿದ್ದೇನೆ. ಎರಡಕ್ಕೂ ರುಜು ಮಾಡಿ ಮರುಟಪಾಲಿಗೆ ಹಾಕಿ.

ಅತ್ತೆಯವರ ಆಶೀರ್ವಾದ, ವಿಮಲಾಳ ಶರಣು. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ
ಶರಣಬಸಮ್ಮ

ತಾ.ಕ.: ಲಕೋಟೆ ಅಂಟಿಸಲು ಕೈ ಬರಲಿಲ್ಲ. ಗುಳಿಗೆ ಕಟ್ಟಿ ಕಳಿಸಿದ್ದು ಅತ್ತೆಯವರಲ್ಲ, ನಾನು. ‘ನನ್ನ ಹೆಸರs ಬರಿ ಶರಣೂ, ಮಗ ತಾಯಿ ಮ್ಯಾಲ ಎಷ್ಟೊತ್ತು ಸಿಟ್ಟು ಮಾಡ್ಯಾನು’ ಎಂದು ಅವರೇ ಹಟ ಹಿಡಿದು ಹಾಗೆ ಬರೆಸಿದರು. ಮಧ್ಯಾಹ್ನ ಬಿಚ್ಚಿಕೋ, ಪಾಪ ಬರುವುದಿಲ್ಲ ಎಂದು ಮಗುವಿಗೆ ಒಂದು ಮಾತು ಹೇಳಬೇಕಿತ್ತು. ಹೇಳುವುದನ್ನು ಮರೆತವಳು ನಾನು. ಸಿಟ್ಟು ನನ್ನ ಮೇಲೆ ಮಾಡಿ. ಆದರೆ ಮೊದಲು ರುಜು ಮಾಡಿ, ಆಮೇಲೆ ಸಿಟ್ಟು.